ಆಗೋದೆಲ್ಲ ಆಗಿಹೋಗಿದೆ

ಕಾಲರಿನ ಒಳಮಗ್ಗುಲಿಗೆ ನೀರು ಚಿಮುಕಿಸಿ ಇಸ್ತ್ರಿಪೆಟ್ಟಿಗೆ ಒತ್ತುವಷ್ಟರಲ್ಲಿ ಒಳಗಿನಿಂದ ಅತ್ತೆ ಕೂಗಿದರು.

“ಇನ್ನೂ ಆಗಿಲ್ವೇನೇ? ನಿಮ್ಮಪ್ಪ ಬನಿಯನ್ನಲ್ಲೇ ಮಲಗಿದಾನೆ ಇಲ್ಲಿ. ನೋಡೋಕೆ ಬಂದವರು ಎಲ್ಲಿ ನೋಡ್ಬೇಕು ಅಂತ ಗೊತ್ತಾಗದೆ ಗೋಡೆ ನೋಡ್ತಿದಾರೆ.”

“ಬಂದೆ ಅತ್ತೆ. ಕಾಲರ್ ಸರಿಯಾಗಿ ಕೂತಿಲ್ಲ.”

“ಆ ಕಾಲರ್ ಹಾಕ್ಕೊಂಡು ಅವನೇನು ಮದುವೆಗೆ ಹೋಗ್ಬೇಕಾ?” ಅಂದ ಅತ್ತೆಗೆ ತಾನಾಡಿದ ಮಾತು ತನಗೇ ಕೇಳಿಸಿ ಗೊಳೋ ಎಂದು ಅಳು ಬಂತು. ಸತ್ತವನು ಅವರ ಒಬ್ಬನೇ ಅಣ್ಣ.

ಮಗಳು ಅಂಗಿಯನ್ನು ಮತ್ತೆ ಹಲಗೆಯ ಮೇಲೆ ಹರಡಿದಳು. ಮೊದಲು ಕಾಲರ್, ಆಮೇಲೆ ಕಫ್, ತೋಳು, ಬೆನ್ನು, ಕಟ್ಟಕಡೆಗೆ ಎದೆಭಾಗ. ಅಪ್ಪ ಕಲಿಸಿದ ಕ್ರಮ ಅದು. ಜನ ನೋಡುವುದು ಎದೆಯನ್ನು, ಅದನ್ನು ಕೊನೆಗೆ ಮಾಡಿದರೆ ಸುಕ್ಕಾಗುವುದಿಲ್ಲ ಎನ್ನುತ್ತಿದ್ದ. ಅವನ ಕೈಯಿಂದ ಹೊರಬಂದ ಅಂಗಿ ಹೊಸ ಕಾಗದದ ಹಾಗೆ ಸದ್ದು ಮಾಡುತ್ತಿತ್ತು. ಅದಕ್ಕೇ ಬೀದಿಯವರು ಅವನಿಗೆ ಗರಿಗರಿ ಎಂದು ಹೆಸರಿಟ್ಟಿದ್ದರು. ಅವನಿಗೊಂದು ನಿಜವಾದ ಹೆಸರಿದೆ ಎನ್ನುವುದು ಎಷ್ಟೋ ಜನಕ್ಕೆ ಗೊತ್ತೇ ಇರಲಿಲ್ಲ.

ಇವತ್ತು ಆ ಕ್ರಮವೂ ಕೈಕೊಟ್ಟಿತ್ತು. ಒಂದು ಸುಕ್ಕು ಬಿಡಿಸಿದರೆ ಪಕ್ಕದಲ್ಲಿ ಇನ್ನೊಂದು ಏಳುತ್ತಿತ್ತು. ಪಾಪ, ದುಃಖ, ಎಂದುಕೊಂಡು ಬಂದವರೆಲ್ಲ ಅವಳ ಬೆನ್ನು ಸವರಿ ಒಳಗೆ ಹೋಗುತ್ತಿದ್ದರು. ಆದರೆ ಅವಳಿಗೆ ಆಗುತ್ತಿದ್ದದ್ದು ಹೆದರಿಕೆ. ದುಃಖ ಇನ್ನೂ ಎಲ್ಲೋ ಹಿಂದೆ ಸರದಿಯಲ್ಲಿ ನಿಂತಿತ್ತು.

ಮನೆಯ ಮುಂದಿನ ಕೋಣೆಯೇ ಲಾಂಡ್ರಿ. ಅಡ್ಡಕಂಬಿಯ ತುಂಬ ಗಿರಾಕಿಗಳ ಬಟ್ಟೆ ತೂಗುತ್ತಿದ್ದವು. ಅಷ್ಟರಲ್ಲಿ ಒಬ್ಬ ಗಿರಾಕಿ ಚೀಟಿ ಹಿಡಿದುಕೊಂಡೇ ಒಳಗೆ ಬಂದ. ಬಾಗಿಲಲ್ಲಿದ್ದ ಚಪ್ಪಲಿಗಳ ರಾಶಿ ನೋಡಿದ, ಒಳಕೋಣೆಯ ಶವಪೆಟ್ಟಿಗೆ ನೋಡಿದ, ಚೀಟಿಯನ್ನು ಮೆಲ್ಲಗೆ ಜೇಬಿಗಿಳಿಸಿದ.

“ಪರವಾಗಿಲ್ಲ, ತಗೊಂಡು ಹೋಗಿ,” ಎಂದು ಅವಳು ಪ್ಯಾಂಟು ಇಳಿಸಿ ಕೊಟ್ಟಳು. ಪಾಪ, ಅವನು ಪ್ಯಾಂಟನ್ನು ತೋಳಿನ ಮೇಲೆ ಹಾಕಿಕೊಂಡೇ ಒಳಗೆ ಹೋಗಿ ಹೆಣದ ಮುಂದೆ ಕೈಕಟ್ಟಿ ನಿಂತ.

ಅವನ ಹಿಂದೆಯೇ ಬಂದವರು ದೊಡ್ಡಪ್ಪ. ರಕ್ತಸಂಬಂಧವೇನಲ್ಲ. ಅಪ್ಪನ ಹಳೆಯ ಗೆಳೆಯರು, ಮೂಲೆಯ ಕನ್ನಡಕದಂಗಡಿಯವರು, ಇವರು ಹೋಗುವ ಕ್ರೈಸ್ತ ಸಭೆಯ ಹಿರಿಯರು. ಅವರ ಪಕ್ಕದಲ್ಲಿ ಹೊಸದಾಗಿ ಬಂದ ಪಾಸ್ಟರ್, ಇನ್ನೂ ಮೀಸೆ ಸರಿಯಾಗಿ ಬಲಿಯದ ಹುಡುಗ.

“ಮಗಳೇ, ಗುಂಡಿ ತೋಡೋನು ಕಾಯ್ತಾ ಕೂತಿದಾನೆ. ಎಲ್ಲಿ ತೋಡ್ಲಿ ಅಂತ ಕೇಳ್ತಾನೆ.”

“ಅಮ್ಮನ ಪಕ್ಕದಲ್ಲಿ. ಅಲ್ಲಿ ಜಾಗ ಇದೆಯಲ್ಲ ದೊಡ್ಡಪ್ಪ.”

“ಜಾಗ ಇದೆ. ತೊಂದರೆ ಜಾಗದ್ದಲ್ಲ,” ಎಂದು ಹಿರಿಯರು ಇಸ್ತ್ರಿ ಹಲಗೆಯ ಅಂಚು ಹಿಡಿದುಕೊಂಡರು.

ತೊಂದರೆ ಏನೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆ ಸಭೆಯವರು ತಮ್ಮ ಸತ್ತವರನ್ನು ಪೂರ್ವಕ್ಕೆ ಕಾಲು ಮಾಡಿ ಸಾಲಾಗಿ ಹೂಳುತ್ತಿದ್ದರು. ಲೋಕದ ಕೊನೆಯ ತುತೂರಿ ಮೊಳಗಿದ ದಿನ ಎಲ್ಲರೂ ಒಟ್ಟಿಗೆ ಮಣ್ಣಿನಿಂದ ಎದ್ದು, ಮರಳಿ ಬರುವ ಪ್ರಭು ಯೇಸುವಿಗೆ ಎದುರಾಗಿ ನಿಲ್ಲಬೇಕಲ್ಲ. ಮಣ್ಣು ಹಾಕುವ ಮುಂಚೆ, ‘ಇವನು ಕಾಯುತ್ತಿದ್ದಾನೆ, ನಾವೂ ಕಾಯುತ್ತಿದ್ದೇವೆ’ ಎಂದು ಎಲ್ಲರೂ ಹೇಳುತ್ತಿದ್ದರು. ಬರುವುದು ಏನೂ ಉಳಿದಿಲ್ಲ, ಎಲ್ಲ ಆಗಲೇ ನೆರವೇರಿದೆ ಎನ್ನುತ್ತಲೇ ಬಾಳಿದ ಅಪ್ಪನ ಮೇಲೆ ಆ ಮಾತು ಹೇಗೆ ಆಡುವುದು? ಅಂಥವರಿಗೆ ಹಿಂದುಗಡೆ ಗೋಡೆಯ ಬದಿ, ಮಾತಿಲ್ಲದ ಮಣ್ಣು. ಇದರಲ್ಲಿ ಯಾರಿಗೂ ಹಗೆಯಿರಲಿಲ್ಲ. ಗುಂಡಿಯ ಬಾಯಲ್ಲಿ ನಿಂತು ಸುಳ್ಳು ಹೇಳಬಾರದು ಅಂತ ಅಷ್ಟೆ.

“ಕೊನೇಲಿ ಅವನ ಹತ್ರ ಇದ್ದೋಳು ನೀನೊಬ್ಳೇ,” ಅಂದರು ಹಿರಿಯರು. “ಬಿಟ್ನಾ ಆ ಮಾತು? ‘ತಪ್ಪಾಯ್ತು, ಪ್ರಭು ಇನ್ನೂ ಬರೋನಿದಾನೆ’ ಅಂದ್ನಾ? ಒಂದು ಸಲ ಬಾಯಿಬಿಟ್ಟು ಅಂದಿದ್ರೂ ಸಾಕಮ್ಮ. ನೀನು ಸಭೆ ಮುಂದೆ ಹೂಂ ಅನ್ನು, ಮಿಕ್ಕಿದ್ದು ನಾನು ನೋಡ್ಕೋತೀನಿ.”

“ಸತ್ಯ ಏನಿದೆಯೋ ಅದನ್ನ ಹೇಳಿ ಅಕ್ಕ, ಅಷ್ಟೇ,” ಅಂದ ಪಾಸ್ಟರ್. ಅವನಿಗೇನು, ಅನ್ನೋದು ಸುಲಭ.

ಅವಳು ಅಂಗಿಯ ತೋಳನ್ನು ಮತ್ತೆ ಹರಡಿದಳು. “ಪೆಟ್ಟಿಗೆ ಮುಚ್ಚೋದ್ರೊಳಗೆ ಹೇಳ್ತೀನಿ ದೊಡ್ಡಪ್ಪ,” ಅಂದಳು.

* * *

ಇದೆಲ್ಲ ಶುರುವಾದಾಗ ಅವಳು ಎರಡನೇ ಕ್ಲಾಸಿನಲ್ಲಿದ್ದಳು. ಭಾನುವಾರ ಮಕ್ಕಳಿಗೆ ಪಾಠ ಹೇಳುತ್ತಿದ್ದವರು ಇದೇ ದೊಡ್ಡಪ್ಪ. ಪ್ರಭು ಯಾವ ಗಳಿಗೆಯಲ್ಲಾದರೂ ಬರಬಹುದು, ನೀವು ಪೆನ್ಸಿಲು ಚೂಪು ಮಾಡುತ್ತಿರುವಾಗಲೂ ಬರಬಹುದು. ಒಳ್ಳೆಯವರು ಕಣ್ಣು ಮಿಟುಕಿಸುವಷ್ಟರಲ್ಲಿ ಮೇಲಕ್ಕೆ ಎತ್ತಲ್ಪಡುತ್ತಾರೆ. ಅವರು ತೊಟ್ಟಿದ್ದ ಬಟ್ಟೆ ಮಾತ್ರ ನಿಂತಲ್ಲೇ ಕುಸಿದು ಬಿದ್ದಿರುತ್ತದೆ. ಉಳಿದವರ ಗತಿ ಕೇಳಬೇಡಿ.

ಒಂದು ಮಧ್ಯಾಹ್ನ ಅವಳು ಶಾಲೆಯಿಂದ ಬಂದಾಗ ಲಾಂಡ್ರಿಯ ಬಾಗಿಲು ತೆರೆದೇ ಇತ್ತು. ಇಸ್ತ್ರಿಪೆಟ್ಟಿಗೆ ಉರಿಯುತ್ತಿತ್ತು. ಹಲಗೆಯ ಮುಂದೆ ನೆಲದ ಮೇಲೆ ಅಪ್ಪನ ಅಂಗಿ ಬಿದ್ದಿತ್ತು, ಅದರ ಕೆಳಗೆ ಪ್ಯಾಂಟು, ಪ್ಯಾಂಟಿನ ತುದಿಯಲ್ಲಿ ಎರಡು ಚಪ್ಪಲಿ.

“ಅಪ್ಪಾ,” ಅಂದಳು. “ಅಮ್ಮಾ.”

ಅಡುಗೆಮನೆಯಲ್ಲಿ ಒಲೆಯ ಮೇಲೆ ನೀರು ಕುದಿಯುತ್ತಿತ್ತು. ಹಿತ್ತಿಲಲ್ಲಿ ಯಾರೂ ಇಲ್ಲ. ಬೀದಿಗೆ ಓಡಿದರೆ ಅಲ್ಲೂ ನರಪಿಳ್ಳೆ ಇಲ್ಲ, ಬಿಸಿಲು ಮಾತ್ರ. ತಿರುಗಿ ಒಳಗೆ ಬಂದಾಗ ಕಂಬಿಯಲ್ಲಿ ತೂಗುತ್ತಿದ್ದ ಅಷ್ಟೂ ಅಂಗಿಗಳು, ಸೀರೆಗಳು, ಲಂಗಗಳು ಒಮ್ಮೆಗೇ ಕಣ್ಣಿಗೆ ಬಿದ್ದವು. ಊರಿಗೆ ಊರೇ ಹೋಗಿಬಿಟ್ಟಿದೆ. ತಾನೊಬ್ಬಳೇ ಕೆಟ್ಟವಳು. ಹಿಂದಿನ ದಿನ ಗೆಳತಿಯ ರಬ್ಬರು ಕದ್ದಿದ್ದೂ ನಿಜವಾಗಿತ್ತು. ಅವಳು ಒಗೆಯುವ ಬಟ್ಟೆಯ ದೊಡ್ಡ ಬುಟ್ಟಿಯೊಳಗೆ ಇಳಿದು ಯಾರದೋ ಕೊಳೆ ಹೊದಿಕೆಗಳನ್ನು ಮೈಮೇಲೆ ಎಳೆದುಕೊಂಡಳು. ಉಚ್ಚೆ ಹೋದದ್ದೂ ಗೊತ್ತಾಗಲಿಲ್ಲ.

ಆದದ್ದು ಇಷ್ಟು: ಬಟ್ಟೆಗೆ ಹಾಕಲು ಕುದಿಸಿದ ಗಂಜಿಯ ಪಾತ್ರೆ ಮಗುಚಿ ಅಪ್ಪನ ತೊಡೆಯ ಮೇಲೆ ಬಿದ್ದಿತ್ತು. ಅವನು ಉಟ್ಟಬಟ್ಟೆ ಕಿತ್ತೆಸೆದು, ಗಿರಾಕಿಯ ಬೆಡ್‌ಶೀಟ್ ಸುತ್ತಿಕೊಂಡು, ಅಮ್ಮನ ಭುಜ ಹಿಡಿದು ಆಸ್ಪತ್ರೆಗೆ ಓಡಿದ್ದ. ಸಂಜೆ ಬ್ಯಾಂಡೇಜು ಕಟ್ಟಿಸಿಕೊಂಡು ಕುಂಟುತ್ತ ಬಂದವನು ಮಗಳನ್ನು ಬೀದಿಬೀದಿ ಹುಡುಕಿದ. ಕೊನೆಗೆ ಬುಟ್ಟಿ ಅಲ್ಲಾಡಿದ್ದನ್ನು ಕಂಡ.

ಅಲ್ಲಿಂದಾಚೆ ಮಗು ಮಲಗಲೊಲ್ಲದು. ಕಣ್ಣು ಮುಚ್ಚಿದರೆ ಇವರು ಹೋಗಿಬಿಡುತ್ತಾರೆ. ಅಮ್ಮ ಬಚ್ಚಲಿಗೆ ಹೋದರೂ ಬಾಗಿಲು ಬಡಿದು ಕಿರುಚುವುದು. ಅಪ್ಪನ ಪಾದವನ್ನು ಎರಡು ಕೈಯಲ್ಲಿ ಹಿಡಿದುಕೊಂಡು ಕಣ್ಣು ಬಿಟ್ಟುಕೊಂಡೇ ಬಿದ್ದಿರುವುದು. ಮೂಳೆ ಚಕ್ಕಳವಾಯಿತು. ಅಪ್ಪ ಕನ್ನಡಕದಂಗಡಿಗೆ ಹೋಗಿ, “ಅಣ್ಣ, ಮಕ್ಕಳಿಗೆ ಸ್ವಲ್ಪ ಕಮ್ಮಿ ಹೇಳಬಾರ್ದಾ?” ಎಂದು ಕೇಳಿದ.

“ದೇವರ ವಾಕ್ಯಕ್ಕೆ ನೀರು ಬೆರೆಸೋಕೆ ನಾನೇನು ಹಾಲು ಮಾರ್ತೀನೇನೋ ಗರಿಗರಿ?” ಅಂದಿದ್ದರು ಹಿರಿಯರು.

ಅಪ್ಪ ಓದಿದವನಲ್ಲ. ಆದರೂ ವೇದಪುಸ್ತಕ ತೆರೆದು ಬೆರಳಿಟ್ಟು ಓದತೊಡಗಿದ. ಬೇರೆ ಸಭೆಯ ಮುದಿ ಪಾದ್ರಿಯೊಬ್ಬರು ನಿಲುವಂಗಿ ಒಗೆಯಲು ಕೊಡುತ್ತಿದ್ದರು. ಅವರನ್ನು ಕೇಳಿದ. ಅವರು ನಕ್ಕು, ಹೀಗೂ ಹೇಳುವವರಿದ್ದಾರಪ್ಪ ಅಂದರು: ಯೇಸು ತಾನು ಬರುವ ಮಾತನ್ನು ತನ್ನ ಮುಂದೆ ನಿಂತಿದ್ದವರಿಗೆ ಹೇಳಿದ್ದು, ಅವರ ಕಾಲದಲ್ಲೇ ನಡೆಯುತ್ತದೆ ಅಂತಲೂ ಹೇಳಿದ್ದ. ಅದಾಗಿ ನಲವತ್ತು ವರ್ಷಕ್ಕೆ ರೋಮಿನ ಸೈನ್ಯ ಬಂದು ಯೆರೂಸಲೇಮಿನ ದೇವಾಲಯ ಸುಟ್ಟಿತಲ್ಲ, ಆಗಲೇ ಎಲ್ಲ ನೆರವೇರಿತು ಅನ್ನುತ್ತಾರೆ. ನಾನಂತೂ ಹಾಗನ್ನಲಾರೆ, ನೀನು ಯೋಚಿಸಿ ನೋಡು.

ಅಪ್ಪ ಅದನ್ನು ಹಿಡಿದುಕೊಂಡು ಮನೆಗೆ ಓಡಿದ. ಹಾಸಿಗೆಯ ಮೇಲೆ ಕೂತು, ಮಗಳ ಹಣೆಯ ಕೂದಲು ಸರಿಸಿ ಹೇಳಿದ:

“ಆಗೋದೆಲ್ಲ ಆಗಿಹೋಗಿದೆ ಕಣೇ. ನೀನು ಹುಟ್ಟೋಕೆ ಎಷ್ಟೋ ಮುಂಚೇನೇ. ಇನ್ನು ಯಾರೂ ಯಾರನ್ನೂ ಎತ್ಕೊಂಡು ಹೋಗಲ್ಲ. ನಾನು ಎಲ್ಲೂ ಹೋಗಲ್ಲ.”

ಅವಳು ಮಲಗಿದಳು. ಮರುದಿನ ಮಧ್ಯಾಹ್ನದವರೆಗೂ ಮಲಗೇ ಇದ್ದಳು.

ಅಷ್ಟಕ್ಕೆ ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು. ಪುಣ್ಯಾತ್ಮ ಅದನ್ನು ಸಭೆಯಲ್ಲೂ ಎದ್ದುನಿಂತು ಹೇಳಿಬಿಟ್ಟ. ಮಿಕ್ಕ ಮಕ್ಕಳೂ ಮಲಗಲಿ ಅಂತ. ಹಿರಿಯರು ಕೇಳಿದ ಒಂದೇ ಪ್ರಶ್ನೆಗೆ ಅವನು ಅಂಗಾತ ಬಿದ್ದ. “ಸರಿಯಪ್ಪ, ಎಲ್ಲ ಆಗಿಹೋಯ್ತು. ಹಾಗಾದ್ರೆ ಸತ್ತವರು ಏಳೋದು? ಅದೂ ಆಗಿಹೋಯ್ತಾ? ನಮ್ಮಪ್ಪ ನಮ್ಮವ್ವ ಇನ್ನೂ ಮಣ್ಣಲ್ಲೇ ಇದಾರಲ್ಲೋ!” ಅಪ್ಪ ತಲೆ ಕೆರೆದುಕೊಂಡ. “ಅದು ನಂಗೆ ಗೊತ್ತಿಲ್ಲ ಅಣ್ಣ. ಮಗು ನಿದ್ದೆ ಮಾಡ್ತಿದೆ,” ಅಂದ. ಸಭೆ ಗೊಳ್ಳೆಂದು ನಕ್ಕಿತು. ಬಾಗಿಲಲ್ಲಿ ನಿಂತು ಬಂದವರನ್ನು ಕೂರಿಸುವ ಕೆಲಸ ಅವನಿಂದ ಹೋಯಿತು. ಅವನು ಬರುವುದನ್ನು ಮಾತ್ರ ಬಿಡಲಿಲ್ಲ. ಕಡೆಯ ಬೆಂಚಿನಲ್ಲಿ ಕೂರುತ್ತಿದ್ದ. ಹಿರಿಯರು ತಮ್ಮ ಅಂಗಿಗಳನ್ನು ಬೇರೆ ಲಾಂಡ್ರಿಗೆ ಕೊಡತೊಡಗಿದರು. ಹಳದಿಯಾಗಿ, ಗುಂಡಿ ಕಿತ್ತು ಬಂದರೂ ಸರಿ, ಆ ಹಟಕ್ಕೆ ವರ್ಷಗಟ್ಟಲೆ ಸುಕ್ಕು ಅಂಗಿಯಲ್ಲೇ ಪ್ರಾರ್ಥನೆ ನಡೆಸಿದರು.

* * *

ಅತ್ತೆ ತಲೆಯ ಕಡೆ, ಮಗಳು ಕಾಲ ಕಡೆ ನಿಂತು ಅಪ್ಪನಿಗೆ ಬಟ್ಟೆ ತೊಡಿಸಿದರು. ತೊಡೆಯ ಮೇಲಿನ ಸುಟ್ಟ ಕಲೆ ಹಾಗೇ ಇತ್ತು, ನುಣ್ಣಗೆ, ಬೆಳ್ಳಗೆ.

“ಹೂಂ ಅಂದ್ಬಿಡೇ,” ಅಂದರು ಅತ್ತೆ ಪಿಸುದನಿಯಲ್ಲಿ. “ನಿಂದೇನು ಗಂಟು ಹೋಗುತ್ತೆ? ಅವನೇನು ಎದ್ದು ಬಂದು ಇಲ್ಲ ಅಂತಾನಾ?”

“ಹಾಗಲ್ಲ ಅತ್ತೆ.”

“ಮತ್ತೆ ಹೇಗೆ? ಅತ್ತಿಗೆ ಅಲ್ಲಿ ನಡುಸಾಲಲ್ಲಿ ಮಲಗಿ, ಇವನು ಗೋಡೆ ಬದಿ ನಾಯಿ ಕಾಲೆತ್ತೋ ಜಾಗದಲ್ಲಿ ಮಲಗ್ಬೇಕಾ? ಅವಳು ಎದ್ದು ಪಕ್ಕದಲ್ಲಿ ನೋಡಿದ್ರೆ ಗಂಡ ಇಲ್ಲ ಅಂದ್ರೆ ಏನಂದ್ಕೋತಾಳೆ?”

ಅದೇ ಮಾತು ಮಗಳನ್ನು ಬೆಳಗಿನಿಂದ ಕುಕ್ಕುತ್ತಿತ್ತು. ಹಿರಿಯರು ಸರಿ ಎಂದಾದರೆ ತುತೂರಿ ಮೊಳಗುತ್ತದೆ, ಅಮ್ಮ ಏಳುತ್ತಾಳೆ, ಅಪ್ಪ ಉಳಿದುಬಿಡುತ್ತಾನೆ. ಅಪ್ಪ ಸರಿ ಎಂದಾದರೆ ಯಾವ ತುತೂರಿಯೂ ಇಲ್ಲ, ಅಮ್ಮ ಇಷ್ಟು ವರ್ಷ ಅಲ್ಲಿ ಸುಮ್ಮನೆ ಮಣ್ಣಾಗಿದ್ದಾಳೆ, ಇವತ್ತು ಅಪ್ಪನೂ ಆಗುತ್ತಾನೆ. ಯಾವ ಕಡೆ ತಿರುಗಿದರೂ ಹೆದರಿಕೆಯೇ. ಆದರೆ ಮೊದಲನೆಯದು ಇನ್ನೂ ಕೆಟ್ಟದ್ದು, ಯಾಕೆಂದರೆ ಅದಕ್ಕೆ ಕಾರಣ ಅವಳು.

* * *

ಮೊನ್ನೆ ಮಧ್ಯಾಹ್ನ ಆಸ್ಪತ್ರೆಯ ವಾರ್ಡಿನಲ್ಲಿ ಅಪ್ಪ ಚೆನ್ನಾಗಿಯೇ ಮಾತಾಡುತ್ತಿದ್ದ. ಇಲ್ಲಿನ ದಿಂಬಿನ ಕವರು ಒಗೆಯುವವರಿಗೆ ಕೈಯಿಲ್ಲವೇ ಎಂದು ಬೈದ. ಆಮೇಲೆ ಇದ್ದಕ್ಕಿದ್ದಂತೆ ಅವಳ ಮಣಿಕಟ್ಟು ಹಿಡಿದ.

“ಅವತ್ತು ನಿಂಗೆ ಹೇಳಿದ್ನಲ್ಲ, ಎಲ್ಲ ಆಗಿಹೋಗಿದೆ ಅಂತ.”

“ಹೂಂ ಅಪ್ಪ.”

“ಅದು ನಿಜಾನೋ ಸುಳ್ಳೋ ಅಂತ ನಂಗೆ ಗೊತ್ತಿರ್ಲಿಲ್ಲ ಕಣೇ. ನೀನು ಮಲಗ್ಲಿ ಅಂತ ಹೇಳ್ದೆ. ನೀನು ಮಲಗಿಬಿಟ್ಟೆ. ಇಷ್ಟು ಚೆನ್ನಾಗಿ ಮಲಗಿದಾಳೆ ಅಂದ್ರೆ ನಿಜಾನೇ ಇರ್ಬೇಕು ಅಂತ ನಾನೂ ನಂಬ್ಕೊಂಡೆ.” ಅವನ ಕಣ್ಣು ಮೇಲೆ ಫ್ಯಾನಿನ ಕಡೆಗೆ, ಬಾಗಿಲ ಕಡೆಗೆ, ಮತ್ತೆ ಅವಳ ಕಡೆಗೆ ಓಡಾಡಿತು. “ಈಗ ಸುಳ್ಳಾಗಿದ್ರೆ?”

“ಇಲ್ಲ ಅಪ್ಪ.”

“ನಿಂಗೇನು ಗೊತ್ತು?” ಅಂದ ಅಪ್ಪ, ಮಗುವಿನ ಹಾಗೆ. “ಹೆದರಿಕೆ ಆಗ್ತಿದೆ ಕಣೇ. ನಿಮ್ಮಮ್ಮ ಸಿಗಲ್ವೇನೋ ಅಂತ.”

ಅವನು ಅಂದು ಹೇಳಿದ ಮಾತನ್ನೇ ಅವನಿಗೆ ತಿರುಗಿ ಹೇಳಬೇಕು ಅಂತ ಅವಳಿಗೆ ಅನ್ನಿಸಿತು. ಅದರ ಬದಲು ಮಂಚದ ತುದಿಗೆ ಹೋಗಿ ಅವನ ಪಾದವನ್ನು ಎರಡು ಕೈಯಲ್ಲಿ ಹಿಡಿದುಕೊಂಡು ಕೂತಳು. ಬೆಳಕಿರುವಾಗಲೇ ಪಾದ ತಣ್ಣಗಾಯಿತು. ಅವನು ಆ ಕಡೆಯ ಮಾತೂ ಆಡಲಿಲ್ಲ, ಈ ಕಡೆಯ ಮಾತೂ ಆಡಲಿಲ್ಲ.

* * *

ವ್ಯಾನು ಬಂದು ನಿಂತಿತು. ಒಳಗೆ ಹಾಡು ಶುರುವಾದಾಗ ಹಿರಿಯರು ಅವಳನ್ನು ಲಾಂಡ್ರಿಯ ಕೋಣೆಗೆ ಕರೆದು ಬಾಗಿಲು ಓರೆ ಮಾಡಿದರು.

“ಹೇಳಮ್ಮ. ಅಂದ್ನಾ?”

ಅವಳು ಅವರ ಮುಖ ನೋಡಿದಳು. ವಿಚಾರಣೆ ಮಾಡುವವರ ಮುಖವಾಗಿರಲಿಲ್ಲ ಅದು. ಗಡ್ಡ ಕೆರೆದಿರಲಿಲ್ಲ. ಕೆಳತುಟಿ ಅದುರುತ್ತಿತ್ತು.

“ದೊಡ್ಡಪ್ಪ, ನಿಮಗ್ಯಾಕೆ ಇಷ್ಟು?”

“ಯಾಕೆ ಅಂತೀಯಲ್ಲ!” ಹಿರಿಯರು ದನಿ ಏರಿಸಲು ಹೋದರು, ಏರಲಿಲ್ಲ. “ಇವತ್ತು ಬರ್ತಾನೆ, ನಾಳೆ ಬರ್ತಾನೆ ಅಂತ ಜೀವಮಾನ ಪೂರ್ತಿ ಕಾದಿದೀನಿ. ಎಲ್ಲರೂ ಕಾಯ್ತಾ ಕಾಯ್ತಾ ಹೋದ್ರು. ಇನ್ನು ನಂದೇ ಸರದಿ. ಅಲ್ಲಿ ಹೋಗಿ ನೋಡಿದ್ರೆ ಇವನು ಇಲ್ದೇ ಇದ್ರೆ ಏನು ಮಾಡ್ಲಿ? ನನ್ನ ಜೊತೆ ಜಗಳ ಆಡೋಕೆ ಯಾರಿದಾರೆ? ಅವನು ಹೇಳಿದ್ದೇ ನಿಜ ಆಗಿದ್ರಂತೂ...” ಅವರು ಅಲ್ಲಿಗೇ ನಿಲ್ಲಿಸಿಬಿಟ್ಟರು. “ಅದನ್ನ ನಾನು ಯೋಚಿಸಲ್ಲಮ್ಮ. ಅದು ಯೋಚಿಸೋಕಾಗಲ್ಲ.”

“ಅಪ್ಪ ಹೆದರ್ಕೊಂಡಿದ್ದ ದೊಡ್ಡಪ್ಪ,” ಅಂದಳು ಅವಳು. “ಅಷ್ಟೇ ನಾನು ನೋಡಿದ್ದು. ತಪ್ಪಾಯ್ತು ಅನ್ನಲಿಲ್ಲ. ನಂದೇ ಸರಿ ಅಂತಾನೂ ಅನ್ನಲಿಲ್ಲ. ಅವನು ಆ ಮಾತು ಹಿಡ್ಕೊಂಡಿದ್ದು ನನಗೋಸ್ಕರ, ನಂಗೆ ನಿದ್ದೆ ಬರ್ಲಿ ಅಂತ. ಅವನ ಬಟ್ಟೆ ನೆಲದ ಮೇಲೆ ಬಿದ್ದಿದ್ದು ನೋಡಿ, ಎತ್ತಲ್ಪಟ್ಟ ಅಂತ ಅಂದ್ಕೊಂಡಿದ್ದೆ. ಬಟ್ಟೆ ಮಾತ್ರ ಉಳಿಯುತ್ತೆ ಅಂತ ನೀವೇ ಹೇಳಿದ್ರಲ್ಲ ಪಾಠದಲ್ಲಿ.”

ಹಿರಿಯರು ಕನ್ನಡಕ ತೆಗೆದರು. “ಬಟ್ಟೆ ಉಳಿಯುತ್ತೆ ಅಂತ? ನಾನು ಹೇಳಿದ್ನಾ?”

“ಹೂಂ. ನಿಂತಲ್ಲೇ ಕುಸಿದು ಬಿದ್ದಿರುತ್ತೆ ಅಂತ.”

“ಅದು ವಾಕ್ಯದಲ್ಲೇ ಇಲ್ವಲ್ಲಮ್ಮ.” ಅವರು ಕಂಬಿಯ ಬಟ್ಟೆಗಳ ಕಡೆ ನೋಡಿದರು, ಬೇಗ ಕಣ್ಣು ತಿರುಗಿಸಿದರು. “ಎಲ್ಲೂ ಇಲ್ಲ ಹಾಗಂತ. ನೀವೆಲ್ಲ ಗಲಾಟೆ ಮಾಡ್ತಿದ್ರಿ. ಸ್ವಲ್ಪ ಸುಮ್ಮನಿರ್ಲಿ ಅಂತ ಹೇಳಿರ್ತೀನಿ.”

ಒಳಗೆ ಹಾಡಿನ ಎರಡನೆಯ ಚರಣ ಮುಗಿಯಿತು. ಹಿರಿಯರು ಹಲಗೆಗೆ ಒರಗಿ ನಿಂತೇ ಇದ್ದರು. ಅವಳು ಸ್ಟೂಲು ಎಳೆದು ಕೊಟ್ಟರೂ ಕೂರಲಿಲ್ಲ.

ಬಾಗಿಲು ತೆರೆದು ಪಾಸ್ಟರ್ ಇಣುಕಿದ. “ಹಿರಿಯರೇ, ಗುಂಡಿಯವನು ಮತ್ತೆ ಫೋನ್ ಮಾಡಿದ್ದ.”

“ಅವನ ಹೆಂಡತಿ ಪಕ್ಕದಲ್ಲಿ ತೋಡು ಅನ್ನು.”

“ಸಾಕ್ಷಿ ಆಯ್ತಾ ಹಾಗಾದ್ರೆ?”

“ಆಯ್ತು.”

“ಅಕ್ಕ ಏನಂದ್ರು? ಸಭೆ ಮುಂದೆ ಹೇಳ್ತಾರಾ?”

“ನಾನು ಹೇಳ್ತೀನಿ,” ಎಂದು ಹಿರಿಯರು ಗುಡುಗಿದರು. “ನಿನಗೆ ಅದೆಲ್ಲ ಯಾಕಯ್ಯಾ? ಹೋಗಿ ಹಾಡು ಎತ್ತು, ಮೂರನೇ ಚರಣ ಎಲ್ಲರೂ ಮರೆತಿದಾರೆ.”

ಮನೆಯ ಮುಂದೆ ಪೆಟ್ಟಿಗೆ ಮುಚ್ಚುವಾಗ ಅವರು ಸಭೆಯ ಕಡೆ ತಿರುಗಿ, “ಇವನು ನಮ್ಮವನು,” ಎಂದಷ್ಟೇ ಅಂದರು. ಯಾರೋ ಹಿಂದಿನಿಂದ ಏನೋ ಕೇಳಲು ಬಾಯಿ ತೆರೆದರು. ಅತ್ತೆ ಆ ಕಡೆಗೆ ಒಮ್ಮೆ ತಿರುಗಿ ನೋಡಿದ ಮೇಲೆ ಮುಚ್ಚಿಕೊಂಡರು.

ಸಮಾಧಿಯ ಜಾಗ ಹೆದ್ದಾರಿಯ ಪಕ್ಕದಲ್ಲೇ ಇತ್ತು, ನಡುವೆ ಒಂದು ಗಿಡ್ಡ ಕಾಂಪೌಂಡು. ಅಮ್ಮನ ಕಲ್ಲಿನ ಪಕ್ಕದಲ್ಲಿ ಕೆಂಪು ಮಣ್ಣು ಗುಡ್ಡೆಯಾಗಿತ್ತು. ಹಗ್ಗದಲ್ಲಿ ಪೆಟ್ಟಿಗೆ ಇಳಿಸಿದರು. ಮಗಳ ಹೆದರಿಕೆ ಎಳ್ಳಷ್ಟೂ ಇಳಿದಿರಲಿಲ್ಲ. ಜಾಗ ಸಿಕ್ಕಿತು, ಸರಿ. ಆದರೆ ಮೇಲೆ ಕೂತವನು ಈ ಹಿರಿಯರ ಸಾಕ್ಷಿ ಒಪ್ಪುತ್ತಾನೋ, ಮೇಲೆ ಯಾರಾದರೂ ಬರಲು ಉಳಿದಿದ್ದಾರೋ, ಯಾರನ್ನು ಕೇಳುವುದು? ಅವಳು ಪಕ್ಕದಲ್ಲಿದ್ದ ಹಿರಿಯರನ್ನು ನೋಡಿದಳು. ಅವರ ತುಟಿ ಬಿಳುಚಿಕೊಂಡಿತ್ತು.

“ಇವನು ಕಾಯುತ್ತಿದ್ದಾನೆ,” ಅಂದ ಪಾಸ್ಟರ್.

“ನಾವೂ ಕಾಯುತ್ತಿದ್ದೇವೆ,” ಅಂದಿತು ಸಭೆ.

ಆ ಮಾತಿನ ಬೆನ್ನಿಗೇ ಕಾಂಪೌಂಡಿನ ಆಚೆಯಿಂದ ಒಂದು ಹಾರ್ನ್ ಮೊಳಗಿತು. ಯಾವುದೋ ದೊಡ್ಡ ಲಾರಿ, ತಿರುವಿನಲ್ಲಿ ಯಾರೋ ಅಡ್ಡ ಬಂದಿರಬೇಕು. ತುತೂರಿಯಂತೆ ಉದ್ದಕ್ಕೆ, ಏರುದನಿಯಲ್ಲಿ, ನಿಲ್ಲದೆ ಮೊಳಗಿತು. ಸಭೆಗೆ ಸಭೆಯೇ ಬೆಚ್ಚಿಬಿದ್ದು ತಲೆ ಎತ್ತಿತು. ಪಾಸ್ಟರ್ ಕೈಯಿಂದ ಪುಸ್ತಕ ಜಾರಿತು. ಅತ್ತೆ ಪಕ್ಕದವಳ ಸೆರಗು ಹಿಡಿದುಕೊಂಡರು. ಎಲ್ಲರ ಬಾಯಿ ತೆರೆದಿತ್ತು, ಎಲ್ಲರ ಕಣ್ಣೂ ಬರಿಯ ಆಕಾಶದಲ್ಲಿ ನೆಟ್ಟಿತ್ತು.

ಹಿರಿಯರು ಮಾತ್ರ ಮೇಲೆ ನೋಡಲಿಲ್ಲ. ಮಗಳ ತೋಳನ್ನು ಉಗುರು ನಾಟುವಷ್ಟು ಗಟ್ಟಿಯಾಗಿ ಹಿಡಿದು ಗುಂಡಿಯ ಅಂಚಿನಲ್ಲಿ ಬಗ್ಗಿದರು. ಅವಳೂ ಬಗ್ಗಿದಳು. ಇಬ್ಬರೂ ಉಸಿರು ಬಿಗಿಹಿಡಿದು ಪೆಟ್ಟಿಗೆಯ ಮುಚ್ಚಳವನ್ನೇ ನೋಡಿದರು. ಹಾರ್ನ್ ನಿಂತಿತು. ಅಂಚಿನಿಂದ ಒಂದಿಷ್ಟು ಸಡಿಲ ಮಣ್ಣು ಜಾರಿ ಮುಚ್ಚಳದ ಮೇಲೆ ಸುರಿಯಿತು.

“ಹೆದರ್ಬೇಡ್ವೋ,” ಅಂದರು ಹಿರಿಯರು ಗುಂಡಿಯೊಳಕ್ಕೆ, ಮೆಲ್ಲಗೆ, ಮಗುವನ್ನು ಮಲಗಿಸುವವರ ದನಿಯಲ್ಲಿ. ಅವರ ಹಿಂದೆ ಸಭೆಯವರೆಲ್ಲ ಇನ್ನೂ ಮುಖ ಮೇಲೆತ್ತಿಕೊಂಡೇ ನಿಂತಿದ್ದರು.